ನಡೆಯಲಾಗದ ಮುದಿ ಬೆಕ್ಕಿನ ಆರೈಕೆ: ಕ್ಲಿನಿಕ್ಕೋ, ಮನೆಯೋ, ಬೇರೆಯವರ ಕೈಯೋ?

ಕೆಂಚ ಸಿಕ್ಕಾಗ ಅವನ ವಯಸ್ಸು ಯಾರಿಗೂ ಗೊತ್ತಿರಲಿಲ್ಲ. ಮೈಸೂರಿನ ನಮ್ಮ ಬೀದಿಯಲ್ಲಿ ಯಾವುದೋ ಗಾಡಿ ಗುದ್ದಿ, ಹಿಂದಿನ ಎರಡೂ ಕಾಲಿನ ಸ್ವಾಧೀನ ಹೋಗಿ, ಚರಂಡಿ ಪಕ್ಕ ಕೂತಿದ್ದ. ಹಲ್ಲು ನೋಡಿದ ಡಾಕ್ಟ್ರು "ಹತ್ತು ದಾಟಿದೆ, ಇನ್ನೆಷ್ಟು ದಿನವೋ" ಅಂದರು. ಅಲ್ಲಿಂದ ಐದು ವರ್ಷ ಇದ್ದ. ಕೊನೆಯ ಎರಡು ವರ್ಷ ಕಿಡ್ನಿಯೂ ಸೋತಿತ್ತು.

ಇಂಥ ಬೆಕ್ಕು ಇರುವವರು ನನ್ನ ಹತ್ತಿರ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ದಿನಾ ಕ್ಲಿನಿಕ್‌ಗೆ ಹೊತ್ತುಕೊಂಡು ಹೋಗೋದಾ? ನಾವೇ ಕಲಿತು ಮನೆಯಲ್ಲಿ ಮಾಡೋದಾ? ಯಾರನ್ನಾದರೂ ಮನೆಗೆ ಕರೆಸೋದಾ? ಇಲ್ಲಾ, ನಮಗಿಂತ ಚೆನ್ನಾಗಿ ನೋಡಿಕೊಳ್ಳುವವರಿಗೆ ಕೊಟ್ಟುಬಿಡೋದಾ? ಈ ನಾಲ್ಕರಲ್ಲಿ ಮೂರನ್ನು ನಾನು ಮಾಡಿದ್ದೇನೆ. ನಾಲ್ಕನೆಯದರ ಬಾಗಿಲವರೆಗೂ ಹೋಗಿ ವಾಪಸ್ ಬಂದಿದ್ದೇನೆ.

ಮೊದಲು ಏನನ್ನು ಅಳೆಯಬೇಕು

ಒಂದು, ನೋವು. ಬೆಕ್ಕು ನೋವಾದರೆ ಕೂಗುವುದಿಲ್ಲ, ಸುಮ್ಮನಾಗುತ್ತದೆ. ಮುಖ ನೋಡಿ ನೋವು ಗುರುತಿಸುವ ಒಂದು ಅಳತೆಯನ್ನು ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದರು. ಕಿವಿ, ಕಣ್ಣು, ಮೂತಿ, ಮೀಸೆ, ತಲೆ ಹಿಡಿದಿರುವ ರೀತಿ, ಈ ಐದಕ್ಕೆ ತಲಾ 0ಯಿಂದ 2 ಅಂಕ. ಒಟ್ಟು 4 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ನೋವಿನ ಔಷಧಿ ಬೇಕೇನೋ ಅಂತ ಯೋಚಿಸಬೇಕು. ಕಿವಿ ಅಕ್ಕಪಕ್ಕಕ್ಕೆ ಚಪ್ಪಟೆಯಾಗಿ, ಕಣ್ಣು ಅರ್ಧ ಮುಚ್ಚಿ, ತಲೆ ಭುಜಕ್ಕಿಂತ ಕೆಳಗೆ ಇಳಿಸಿ ಕೂತರೆ ಅದು ನಿದ್ದೆಯಲ್ಲ. ಇನ್ನೊಂದು ವಿಷಯ. 12 ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದ ಒಂದು ಅಧ್ಯಯನ 2002ರಲ್ಲಿ ಬಂತು. ಅದರಲ್ಲಿ 90 ಬೆಕ್ಕುಗಳಿಗೆ ಕೀಲು ಸವೆದಿತ್ತು. "ವಯಸ್ಸಾಯ್ತು, ಅದಕ್ಕೇ ಹಾರಲ್ಲ" ಅಂತ ನಾವು ಬಿಟ್ಟುಬಿಡುವುದು ಎಷ್ಟೋ ಸಲ ಕೀಲುನೋವೇ ಆಗಿರುತ್ತದೆ.

ಎರಡು, ನಿಮ್ಮ ಬೆಕ್ಕು ಪ್ರಯಾಣವನ್ನು ಎಷ್ಟು ತಡೆದುಕೊಳ್ಳುತ್ತದೆ. ಮೂರು, ನಿಮ್ಮ ಮನೆಯಲ್ಲಿ ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ ಯಾರ ಕೈ ಖಾಲಿ ಇರುತ್ತದೆ. ನಾಲ್ಕು, ತಿಂಗಳಿಗೆ ಎಷ್ಟು ಖರ್ಚು ಮಾಡಬಹುದು, ಅದಲ್ಲದೆ ರಾತ್ರೋರಾತ್ರಿ ಬೇಕಾದರೆ ತೆಗೆಯಲು ಎಷ್ಟು ಇದೆ. ಐದು, ಬೆಕ್ಕು ನೋಡಿ ಅಭ್ಯಾಸ ಇರುವ ಡಾಕ್ಟ್ರು ಎಷ್ಟು ದೂರ. ತಾಲ್ಲೂಕು ಊರುಗಳ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ದಿನವಿಡೀ ಹಸು, ಕುರಿ, ಮೇಕೆಯೇ ಜಾಸ್ತಿ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್ ಕಡೆಯವರಾದರೆ ಅಲ್ಲಿನ ಪಶುವೈದ್ಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ.

ಈ ಐದರಲ್ಲಿ ನಾನು ಮೂರನೆಯದಕ್ಕೇ ಜಾಸ್ತಿ ತೂಕ ಕೊಡುತ್ತೇನೆ. ದುಡ್ಡು ಕಮ್ಮಿಯಿದ್ದರೆ ಏನಾದರೂ ಹೊಂದಿಸಬಹುದು. ಬೆಕ್ಕಿನ ಮೂತ್ರಚೀಲ ನಿಮ್ಮ ಮೀಟಿಂಗ್ ಮುಗಿಯಲಿ ಅಂತ ಕಾಯುವುದಿಲ್ಲ.

ದಿನಾ ಕ್ಲಿನಿಕ್‌ಗೆ

ಕಾಯಿಲೆ ಹೊಸದಾಗಿ ಗೊತ್ತಾದಾಗ, ಅಥವಾ ಇದ್ದಕ್ಕಿದ್ದಂತೆ ಜೋರಾದಾಗ, ಇದೇ ಸರಿ. ರಕ್ತ ಪರೀಕ್ಷೆ, ಬಿಪಿ, ಸ್ಕ್ಯಾನ್ ಮನೆಯಲ್ಲಿ ಆಗುವ ಕೆಲಸವಲ್ಲ. ಕಿಡ್ನಿ ಕಾಯಿಲೆಯನ್ನು ಡಾಕ್ಟ್ರುಗಳು ನಾಲ್ಕು ಹಂತ ಮಾಡಿ ನೋಡುತ್ತಾರೆ. ಯಾವ ಹಂತ ಅಂತ ತಿಳಿಯದೆ ಊಟವನ್ನಾಗಲಿ ಸಲೈನನ್ನಾಗಲಿ ತೀರ್ಮಾನಿಸಬೇಡಿ. ಬಿಪಿಯನ್ನೂ ಕೇಳಿ ನೋಡಿಸಿ. ಕಿಡ್ನಿ ಸೋತ ಬೆಕ್ಕಿಗೆ ಬಿಪಿ ಏರಿದರೆ ಕಣ್ಣು ಒಮ್ಮೆಗೇ ಹೋಗಿಬಿಡಬಹುದು.

ಆದರೆ ತಿಂಗಳುಗಟ್ಟಲೆ ದಿನಾ ಹೋಗುವುದು ಬೇರೆ ಮಾತು. ನಾವು ಮೊದಲ ಮೂರು ವಾರ ಹೋದೆವು. ಆಟೋ, ಹಾರ್ನ್, ಕಾಯುವ ಜಾಗದಲ್ಲಿ ಬೊಗಳುವ ನಾಯಿಗಳು. ಕೆಂಚ ಬಾಯಿ ತೆರೆದು ಏದುಸಿರು ಬಿಡುತ್ತಿದ್ದ. ಬೆಕ್ಕು ಹಾಗೆ ಉಸಿರಾಡಿದರೆ ಅದು ತೀರಾ ಹೆದರಿದೆ, ಇಲ್ಲವೇ ಉಸಿರಾಟಕ್ಕೇ ತೊಂದರೆಯಿದೆ ಅಂತ ಅರ್ಥ. ಮನೆಗೆ ಬಂದ ಮೇಲೆ ಸಂಜೆಯವರೆಗೂ ಮಂಚದ ಕೆಳಗಿಂದ ಹೊರಗೆ ಬರುತ್ತಿರಲಿಲ್ಲ. ಒಂದು ಗಂಟೆಯ ಚಿಕಿತ್ಸೆಗೆ ಅವನ ಇಡೀ ದಿನ ಹೋಗುತ್ತಿತ್ತು. ಹತ್ತು ನಿಮಿಷದ ದಾರಿ, ಶಾಂತ ಸ್ವಭಾವದ ಬೆಕ್ಕು, ಮನೆಯಲ್ಲಿ ಸೂಜಿ ಹಿಡಿಯಲು ಯಾರಿಗೂ ಧೈರ್ಯವಿಲ್ಲ ಅಂತಾದರೆ ಮಾತ್ರ ಈ ದಾರಿ ನಡೆಯುತ್ತದೆ. ಖರ್ಚೂ ಸಣ್ಣದಲ್ಲ. ಔಷಧಿಗಿಂತ ಆಟೋ ಮತ್ತು ಫೀಸಿಗೇ ಜಾಸ್ತಿ ಹೋಗುತ್ತದೆ.

ನೀವೇ ಕಲಿತು ಮಾಡುವುದು

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಜನ ಹೆದರುವುದು ಇದಕ್ಕೆ. ಕಲಿತ ಮೇಲೆ ಬೆಕ್ಕಿಗೆ ಹೆಚ್ಚು ಸುಖ ಕೊಡುವುದೂ ಇದೇ.

ಕಲಿಯಬೇಕಾದದ್ದು ಎರಡು. ಮೊದಲನೆಯದು ಚರ್ಮದ ಕೆಳಗೆ ಸಲೈನ್ ಕೊಡುವುದು. ಕಿಡ್ನಿ ಸೋತ ಬೆಕ್ಕು ಎಷ್ಟು ನೀರು ಕುಡಿದರೂ ಮೈಯಲ್ಲಿ ನಿಲ್ಲುವುದಿಲ್ಲ, ಮೂತ್ರದಲ್ಲಿ ಹೋಗಿಬಿಡುತ್ತದೆ. ಆ ನೀರನ್ನು ತುಂಬಿಕೊಡಬೇಕು. ನಮಗೆ ಡಾಕ್ಟ್ರು ಹೇಳಿದ್ದು ದಿನ ಬಿಟ್ಟು ದಿನ 100 ಮಿಲಿ ರಿಂಗರ್ ಲ್ಯಾಕ್ಟೇಟ್ ಅನ್ನುವ ಬಗೆಯ ಸಲೈನ್. ನಿಮ್ಮ ಬೆಕ್ಕಿನ ಲೆಕ್ಕ ಬೇರೆ ಇರಬಹುದು. ಹೃದಯದ ತೊಂದರೆಯಿರುವ ಬೆಕ್ಕಿಗೆ ಸಲೈನ್ ಅಪಾಯ, ಹಾಗಾಗಿ ಅಳತೆ ಡಾಕ್ಟ್ರೇ ಹೇಳಬೇಕು.

ನಮ್ಮ ಮನೆಯಲ್ಲಿ ನಡೆಯುತ್ತಿದ್ದದ್ದು ಹೀಗೆ. ರಾತ್ರಿ ಎಂಟಕ್ಕೆ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ಇಟ್ಟು ಉಗುರುಬೆಚ್ಚಗೆ ಮಾಡುತ್ತಿದ್ದೆ. ತಣ್ಣಗಿದ್ದರೆ ಬೆಕ್ಕು ಮೈ ಕೊಡುವುದಿಲ್ಲ. ಕಿಟಕಿಯ ಗ್ರಿಲ್‌ಗೆ ಬಾಟಲಿ ನೇತುಹಾಕಿ, ಡ್ರಿಪ್ ಸೆಟ್‌ನಲ್ಲಿ ಗಾಳಿ ಉಳಿಯದ ಹಾಗೆ ನೀರು ಬಿಟ್ಟು, ಕೆಂಚನನ್ನು ಅಜ್ಜಿ ಹೊಲಿದ ಕೌದಿಯ ಮೇಲೆ ಕೂರಿಸುತ್ತಿದ್ದೆ. ಅಮ್ಮ ಅವನ ಮುಂದೆ ತಟ್ಟೆ ಹಿಡಿಯುತ್ತಿದ್ದರು. ಎರಡು ಭುಜದ ನಡುವಿನ ಚರ್ಮವನ್ನು ಡೇರೆಯ ಹಾಗೆ ಎತ್ತಿದರೆ ಬುಡದಲ್ಲಿ ಒಂದು ಗುಳಿ ಬೀಳುತ್ತದೆ. ಸೂಜಿ ಅಲ್ಲಿಗೆ. ನೀರು ಇಳಿಯುತ್ತಾ ಇಳಿಯುತ್ತಾ ಅಲ್ಲೊಂದು ಮೆತ್ತನೆಯ ಗೂನು ಏಳುತ್ತದೆ. ಸ್ವಲ್ಪ ಹೊತ್ತಿಗೆ ಅದು ಜಾರಿ ಮುಂಗಾಲಿನ ಕಡೆ ಬರುತ್ತದೆ. ಮೊದಲ ಸಲ ನೋಡಿ ನಾನು ರಾತ್ರಿ ಹನ್ನೊಂದಕ್ಕೆ ಡಾಕ್ಟ್ರಿಗೆ ಫೋನ್ ಮಾಡಿದ್ದೆ. ಅದು ಸಹಜ, ಕೆಲವು ಗಂಟೆಯಲ್ಲಿ ಮೈಗೆ ಸೇರಿಕೊಳ್ಳುತ್ತದೆ. ಪ್ರತಿ ಸಲವೂ ಹೊಸ ಸೂಜಿ ಬೇಕು.

ಒಂದು ಎಚ್ಚರಿಕೆ. ಮೆಡಿಕಲ್ ಶಾಪಿನಲ್ಲಿ ಸುಮ್ನೆ "ಸಲೈನ್" ಅಂತ ಕೇಳಿದರೆ ಗ್ಲೂಕೋಸ್ ಸೇರಿರುವ ಬಾಟಲಿ ಕೊಟ್ಟುಬಿಡಬಹುದು. ಅದನ್ನು ಚರ್ಮದ ಕೆಳಗೆ ಕೊಡಬಾರದು. ಚೀಟಿ ತೋರಿಸಿ, ಲೇಬಲ್ ಓದಿ ತನ್ನಿ.

ಎರಡನೆಯದು, ಬೆನ್ನುಮೂಳೆಗೆ ಪೆಟ್ಟಾದ ಬೆಕ್ಕುಗಳಿಗೆ ಮಾತ್ರ. ಅವುಗಳಿಗೆ ತಾವಾಗಿ ಮೂತ್ರ ಮಾಡಲು ಆಗದಿರಬಹುದು. ದಿನಕ್ಕೆ ಮೂರು ಸಲ ಹೊಟ್ಟೆ ಒತ್ತಿ ಮಾಡಿಸಬೇಕು. ತುಂಬಿದ ಮೂತ್ರಚೀಲ ಕೈಗೆ ನಿಂಬೆಹಣ್ಣಿನ ಹಾಗೆ ಸಿಗುತ್ತದೆ. ದಯವಿಟ್ಟು ಇದನ್ನು ವಿಡಿಯೋ ನೋಡಿ ಕಲಿಯಬೇಡಿ. ಜೋರಾಗಿ ಒತ್ತಿದರೆ ಒಳಗೇ ಒಡೆಯುವ ಅಪಾಯವಿದೆ. ನಮ್ಮ ಡಾಕ್ಟ್ರು ನನ್ನ ಕೈ ಮೇಲೆ ತಮ್ಮ ಕೈ ಇಟ್ಟು, "ಇಷ್ಟೇ ಒತ್ತಡ, ಇದಕ್ಕಿಂತ ಜಾಸ್ತಿ ಬೇಡ" ಅಂತ ನಾಲ್ಕು ದಿನ ತೋರಿಸಿಕೊಟ್ಟರು. ಒಂದು ದಿನ ಪೂರ್ತಿ ಮೂತ್ರ ಹೋಗದಿದ್ದರೆ ಅದು ಜೀವಕ್ಕೇ ಅಪಾಯ. ರಕ್ತ ಬಂದರೆ, ಕೆಟ್ಟ ವಾಸನೆ ಬಂದರೆ ಸೋಂಕು ಅಂತಲೇ ತಿಳಿದು ಅವತ್ತೇ ತೋರಿಸಿ.

ಖರ್ಚಿನ ದೃಷ್ಟಿಯಲ್ಲಿ ನಾಲ್ಕು ದಾರಿಯಲ್ಲಿ ಹಗುರ ಇದೇ. ಬಾಟಲಿ, ಸೆಟ್, ಸೂಜಿ, ಎಲ್ಲಾ ಮನುಷ್ಯರ ಮೆಡಿಕಲ್ ಶಾಪಿನಲ್ಲೇ ಸಿಗುತ್ತವೆ. ಕೊಡಬೇಕಾದದ್ದು ನಿಮ್ಮ ದಿನ. ನಾನು ಎರಡು ವರ್ಷ ಒಂದು ರಾತ್ರಿಯೂ ಬೇರೆ ಊರಲ್ಲಿ ಉಳಿಯಲಿಲ್ಲ. ತಂಗಿಯ ಸೀಮಂತಕ್ಕೆ ಬೆಳಿಗ್ಗೆ ಹೋಗಿ ಸಂಜೆಗೆ ಬಂದೆ. ಹಾಗಾಗಿ ಮನೆಯಲ್ಲಿ ಇನ್ನೊಬ್ಬರು ಕಲಿಯದ ಹೊರತು ಈ ದಾರಿ ಆರಿಸಬೇಡಿ. ನಿಮಗೇ ಜ್ವರ ಬಂದ ದಿನ ಏನು ಮಾಡುತ್ತೀರಿ?

ಮನೆಗೆ ಬಂದು ಮಾಡುವವರು

ದೊಡ್ಡ ಊರುಗಳಲ್ಲಿ ಮನೆಗೇ ಬರುವ ಡಾಕ್ಟ್ರುಗಳು, ಕ್ಲಿನಿಕ್‌ನ ಸಹಾಯಕರು ಸಿಗುತ್ತಾರೆ. ಬೆಕ್ಕಿಗೆ ಪ್ರಯಾಣ ತಪ್ಪುತ್ತದೆ. ಒಬ್ಬರೇ ಇರುವವರಿಗೆ, ಕೈ ನಡುಗುವ ಹಿರಿಯರಿಗೆ ಇದು ದೊಡ್ಡ ಆಸರೆ. ಆದರೆ ಪ್ರತಿ ಭೇಟಿಗೂ ದುಡ್ಡು. ಬರುವವರು ಬದಲಾಗುತ್ತಿದ್ದರೆ ಬೆಕ್ಕು ಪ್ರತಿ ಸಲ ಹೊಸದಾಗಿ ಹೆದರುತ್ತದೆ. ಬರುವ ವ್ಯಕ್ತಿ ಡಾಕ್ಟ್ರಾ, ಸಹಾಯಕರಾ ಅಂತ ಮೊದಲೇ ಕೇಳಿ. ನಮ್ಮಲ್ಲಿಗೆ ಬಂದ ಒಬ್ಬರು ಜ್ವರ ಇದೆ ಅಂತ ಮನುಷ್ಯರ ಪ್ಯಾರಾಸಿಟಮಾಲ್ ಕೊಡಲು ಹೊರಟಿದ್ದರು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಸಾಕು, ಪ್ರಾಣ ಹೋಗಲು.

ನಡುವಿನ ಒಂದು ದಾರಿಯೂ ಇದೆ. ವಾರಕ್ಕೊಮ್ಮೆ ಮಾತ್ರ ಅವರನ್ನು ಕರೆಸಿ, ಉಳಿದ ದಿನ ನೀವು ಮಾಡುವುದು. ನೀವು ಊರಿಗೆ ಹೋಗಬೇಕಾದಾಗ ಅವರೇ ಬರುತ್ತಾರೆ, ಬೆಕ್ಕಿಗೂ ಪರಿಚಯ ಇರುತ್ತದೆ. ಕೆಲಸಕ್ಕೆ ಹೋಗುವ ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ನಾನು ಹೇಳುವುದು ಇದನ್ನೇ.

ಬೇರೆಯವರ ಕೈಗೆ

ನಾನು ಬಾಗಿಲವರೆಗೆ ಹೋಗಿ ಬಂದದ್ದು ಇಲ್ಲಿಂದ. ಕಿಡ್ನಿ ವಿಷಯ ಗೊತ್ತಾದ ತಿಂಗಳು, ನಿದ್ದೆಯಿಲ್ಲದೆ, ಒಂದು ಶೆಲ್ಟರ್‌ಗೆ ಹೋಗಿ ಕೇಳಿದೆ. ಅಲ್ಲಿದ್ದವರು ಒಳ್ಳೆಯವರೇ. ಆದರೆ ಒಬ್ಬ ಹುಡುಗ ಮೂವತ್ತು ಪ್ರಾಣಿ ನೋಡಿಕೊಳ್ಳುತ್ತಿದ್ದ. ಅವನಿಗೆ ಕೆಂಚನ ಹೊಟ್ಟೆ ದಿನಕ್ಕೆ ಮೂರು ಸಲ ಒತ್ತಲು ಸಮಯ ಎಲ್ಲಿಂದ ಬರಬೇಕು? ಶೆಲ್ಟರ್‌ಗಳು ಇರುವುದು ಬೀದಿಯಲ್ಲಿ ಗಾಯಗೊಂಡ ಪ್ರಾಣಿಗಳಿಗೆ. ಮುದಿ ಬೆಕ್ಕಿಗೆ ಜಾಗ ಬದಲಾದರೆ ಊಟ ಬಿಡುತ್ತದೆ. ಎರಡು ದಿನ ಊಟ ಬಿಟ್ಟರೆ ಲಿವರ್‌ಗೆ ಕೊಬ್ಬು ತುಂಬಿಕೊಳ್ಳಲು ಶುರುವಾಗಬಹುದು.

ಹಾಗಂತ ಇದು ತಪ್ಪು ದಾರಿ ಅನ್ನುವುದಿಲ್ಲ. ನಿಮಗೇ ದೊಡ್ಡ ಕಾಯಿಲೆ ಬಂದರೆ, ಮನೆ ಬಿಡಬೇಕಾಗಿ ಬಂದರೆ, ಶೆಲ್ಟರ್‌ಗಿಂತ ಮೊದಲು ಒಂದು ಮನೆ ಹುಡುಕಿ. ಬೆಕ್ಕು ಸಾಕಿ ಗೊತ್ತಿರುವ, ಮನೆಯಲ್ಲಿ ನಾಯಿಯಿಲ್ಲದ ಒಬ್ಬರು. ತಿಂಗಳ ಖರ್ಚು ನೀವೇ ಕೊಡಿ. ಕೊಡುವ ಮೊದಲು ನಾಲ್ಕೈದು ದಿನ ಅವರು ನಿಮ್ಮ ಮನೆಗೆ ಬಂದು ನೋಡಲಿ. ಅವನ ಹಾಸಿಗೆ, ತಟ್ಟೆ ತೊಳೆಯದೆ ಜೊತೆಗೆ ಕಳಿಸಿ, ಅವನದೇ ವಾಸನೆ ಇರಲಿ. ಮಾರ್ಕೆಟ್ ಹತ್ತಿರ, ದೇವಸ್ಥಾನದ ಹತ್ತಿರ ಬಿಟ್ಟು ಬರುವುದು ಮಾತ್ರ ಬೇಡ. ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಕಾಯ್ದೆ ಇಲ್ಲದಿದ್ದರೂ, ನಡೆಯಲಾಗದ ಬೆಕ್ಕು ಅಲ್ಲಿ ಒಂದು ರಾತ್ರಿ ಕಳೆಯುವುದಿಲ್ಲ ಅಲ್ವಾ.

ಹಾಸಿಗೆ, ಲಿಟರ್, ನೆಲ

ಯಾವ ದಾರಿ ಆರಿಸಿದರೂ ಇವು ನಿಮ್ಮ ಮುಂದೆ ಬರುತ್ತವೆ. ಲಿಟರ್ ಅಂದರೆ ಬೆಕ್ಕು ಮಲಮೂತ್ರ ಮಾಡಲು ಟ್ರೇಯಲ್ಲಿ ಹಾಕುವ ಪುಡಿ. ಒದ್ದೆಯಾದರೆ ಗಟ್ಟಿಯಾಗುವ ಜೇಡಿಮಣ್ಣಿನ ಲಿಟರ್ ನಡೆಯುವ ಬೆಕ್ಕಿಗೆ ಚೆನ್ನ. ಮೈ ಎಳೆದುಕೊಂಡು ಹೋಗುವ ಬೆಕ್ಕಿನ ಒದ್ದೆ ಹೊಟ್ಟೆಗೆ ಅದು ಸಿಮೆಂಟಿನ ಹಾಗೆ ಮೆತ್ತಿಕೊಳ್ಳುತ್ತದೆ. ಸೋಯಾದಿಂದ ಮಾಡುವ ಟೋಫು ಲಿಟರ್ ಮೆತ್ತಗಿರುತ್ತದೆ, ಅಂಟುವುದು ಕಮ್ಮಿ. ಆದರೆ ಬೆಲೆ ಜಾಸ್ತಿ, ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಕಡೆ ಬೂಷ್ಟು ಹಿಡಿಯುತ್ತದೆ. ಮರದ ಹೊಟ್ಟು ಅಗ್ಗ, ಧೂಳು ತುಂಬಾ. ನಮಗೆ ಸರಿಹೋದದ್ದು ವಯಸ್ಸಾದವರಿಗೆ ಹಾಸುವ ಅಂಡರ್‌ಪ್ಯಾಡ್, ಅದರ ಕೆಳಗೆ ನಾಲ್ಕು ಪದರ ನ್ಯೂಸ್‌ಪೇಪರ್. ದುಡ್ಡು ಬಿಗಿಯಿದ್ದ ತಿಂಗಳು ಬರೀ ಪೇಪರ್, ಮೇಲೆ ಹಳೇ ಕಾಟನ್ ಸೀರೆಯ ತುಂಡು. ಟ್ರೇ ಬೇಕೇ ಬೇಕು ಅಂದರೆ ಪ್ಲಾಸ್ಟಿಕ್ ಟಬ್ಬಿನ ಒಂದು ಬದಿಯನ್ನು ಎರಡು ಬೆರಳಿನ ಎತ್ತರಕ್ಕೆ ಕತ್ತರಿಸಿ, ಅಂಚಿಗೆ ಬಟ್ಟೆ ಸುತ್ತಿ. ಡೈಪರ್ ಒಂದೆರಡು ಗಂಟೆಗೆ ಸರಿ. ಇಡೀ ದಿನ ಹಾಕಿದರೆ ತೊಡೆಸಂದಿ ಬೆಂದುಹೋಗುತ್ತದೆ.

ಟೈಲ್ಸ್ ನೆಲ ಜಾರುತ್ತದೆ, ಅವನು ಓಡಾಡುವ ದಾರಿಗೆ ಯೋಗ ಮ್ಯಾಟ್ ಹಾಸಿ. ಮತ್ತೆ ಫಿನೈಲ್. ಇದನ್ನು ನಾನು ಮೊದಲೇ ತಿಳಿದುಕೊಳ್ಳಬೇಕಿತ್ತು. ನೆಲ ಒರೆಸಿದ ಮೇಲೆ ಕೆಂಚ ಹೊಟ್ಟೆ ಎಳೆದುಕೊಂಡು ಹೋಗಿ, ಆಮೇಲೆ ಅದೇ ಹೊಟ್ಟೆಯನ್ನು ನೆಕ್ಕಿಕೊಂಡ. ಚರ್ಮ ಕೆಂಪಾಯಿತು, ಬಾಯಿಂದ ಜೊಲ್ಲು ಸುರಿಯಿತು. ಫಿನೈಲ್, ಡೆಟಾಲ್ ಥರದ ದ್ರವಗಳನ್ನು ಬೆಕ್ಕಿನ ಲಿವರ್ ಅರಗಿಸಿ ಹೊರಹಾಕಲಾರದು. ಬಿಸಿನೀರಿಗೆ ಸ್ವಲ್ಪ ಸೋಪು ಹಾಕಿ ಒರೆಸಿ, ಬರೀ ನೀರಿನಲ್ಲಿ ಮತ್ತೊಮ್ಮೆ ಒರೆಸಿದರೆ ಸಾಕು.

ತಟ್ಟೆಯಲ್ಲಿ ಏನು

ಕಿಡ್ನಿ ಬೆಕ್ಕಿಗೆ ಅಂತಲೇ ರಂಜಕ ಕಮ್ಮಿಯಿರುವ ಊಟ ಬರುತ್ತದೆ. ಒಣಕಾಳು ಅಗ್ಗ, ಪೌಚ್‌ನಲ್ಲಿ ಬರುವ ಒದ್ದೆ ಊಟ ದುಬಾರಿ. ದುಡ್ಡಿದ್ದರೆ ಪೌಚ್ ಕೊಡಿ, ಅದರಲ್ಲಿ ನೀರಿನ ಅಂಶ ಇರುತ್ತದೆ. ಇಲ್ಲದಿದ್ದರೆ ಒಣಕಾಳನ್ನೇ ಬೆಚ್ಚಗಿನ ನೀರಲ್ಲಿ ನೆನೆಸಿ. ಮನೆಯಲ್ಲಿ ಬೇಯಿಸಿದ ಕೋಳಿ ಬೆಕ್ಕಿಗೆ ಇಷ್ಟ, ಆದರೆ ಬರೀ ಅದನ್ನೇ ಕೊಟ್ಟರೆ ಕ್ಯಾಲ್ಸಿಯಂ ಸಾಲುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿ ಸೋಕಿಸಲೇಬಾರದು. ಮೊಸರನ್ನದಲ್ಲಿ ಬೆಕ್ಕನ್ನು ಸಾಕಿದ ಮನೆಗಳು ನಮ್ಮಲ್ಲಿ ಬಹಳ. ಅದರಲ್ಲಿ ಟಾರೀನ್ ಅನ್ನುವ, ಮಾಂಸದಲ್ಲಿ ಸಿಗುವ ಪೋಷಕಾಂಶ ಸಾಲುವುದಿಲ್ಲ. ಟಾರೀನ್ ಇಲ್ಲದೆ ಬೆಕ್ಕಿನ ಕಣ್ಣೂ ಹೃದಯವೂ ಕೆಡುತ್ತವೆ. ಮಾಂಸ ಒಳಗೆ ತರದ ಮನೆಯವರು ಪಕ್ಕದ ಮನೆಯವರನ್ನು ಕೇಳಿ, ಅಥವಾ ಹಿತ್ತಲಲ್ಲಿ ಒಂದು ತಟ್ಟೆ ಬೇರೆ ಇಟ್ಟು ಪೌಚ್ ಕೊಡಿ. ನನ್ನ ಅಮ್ಮನೂ ಮೊದಲು ಮುಖ ತಿರುಗಿಸಿದ್ದವರೇ. ಕೊನೆಗೆ ತಟ್ಟೆ ಹಿಡಿದು ಕೂತದ್ದೂ ಅವರೇ.

ಕೊನೆಯ ತಿಂಗಳುಗಳಲ್ಲಿ ಲೆಕ್ಕ ಬದಲಾಗುತ್ತದೆ. ಆಗ ಸರಿಯಾದ ಊಟಕ್ಕಿಂತ ತಿನ್ನುವ ಊಟ ಮುಖ್ಯ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. 4 ಕಿಲೋ ಬೆಕ್ಕು 400 ಗ್ರಾಂ ಇಳಿದರೆ, 60 ಕಿಲೋ ಮನುಷ್ಯ 6 ಕಿಲೋ ಇಳಿದ ಹಾಗೆ.

ಕೊನೆಯ ತೀರ್ಮಾನ

ತಾನಾಗಿ ಹೋಗಲಿ ಅಂತ ಬಿಡುವುದಾ, ನೋವಿಲ್ಲದೆ ಪ್ರಾಣ ಹೋಗುವ ಇಂಜೆಕ್ಷನ್ ಕೊಡಿಸುವುದಾ? ಇಂಜೆಕ್ಷನ್ ಕೊಡಿಸಿದರೆ ಪಾಪ ಸುತ್ತಿಕೊಳ್ಳುತ್ತದೆ ಅನ್ನುವ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ನಮ್ಮಲ್ಲೂ ಬಂತು. ಕಿಡ್ನಿ ಪೂರ್ತಿ ಸೋತ ಸಾವು ನಿದ್ದೆಯಲ್ಲಿ ಬರುವ ಸಾವಲ್ಲ. ಬಾಯಲ್ಲಿ ಹುಣ್ಣು, ವಾಂತಿ, ಕೆಲವಕ್ಕೆ ಸೆಳೆತ. ಇನ್ನು ಕೆಲವು ಬೆಕ್ಕುಗಳು ನೋವಿಲ್ಲದೆ, ದಿನದಿಂದ ದಿನಕ್ಕೆ ಸೊರಗಿ ಒಂದು ಬೆಳಿಗ್ಗೆ ಹೋಗುತ್ತವೆ. ನೋವು, ವಾಕರಿಕೆಗೆ ಔಷಧಿ ಕೊಡುತ್ತಾ ಕಾಯುವುದಾದರೆ ಕಾಯಬಹುದು. ಔಷಧಿಯಿಲ್ಲದೆ ಕಾಯುವುದು ಬೇಡ.

ದಿನ ಯಾವುದು ಅಂತ ತಿಳಿಯಲು ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ಮಾಡಿದ ಪಟ್ಟಿ ನಮಗೆ ಆಸರೆಯಾಯಿತು. ನೋವು, ಹಸಿವು, ಮೈಯಲ್ಲಿ ನೀರು, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಜಾಸ್ತಿಯಾ ಅನ್ನುವುದು. ಏಳಕ್ಕೂ ತಲಾ ಹತ್ತರಲ್ಲಿ ಅಂಕ. ಒಟ್ಟು 35ಕ್ಕಿಂತ ಮೇಲಿದ್ದರೆ ಆರೈಕೆ ಮುಂದುವರಿಸಬಹುದು. ಕ್ಯಾಲೆಂಡರಿನಲ್ಲಿ ಅಮ್ಮ ಒಂದು ಅಂಕ, ನಾನು ಒಂದು ಅಂಕ, ಬೇರೆ ಬೇರೆಯಾಗಿ ಬರೆಯುತ್ತಿದ್ದೆವು. ಹುಟ್ಟಿನಿಂದಲೋ ಪೆಟ್ಟಿನಿಂದಲೋ ನಡೆಯದ ಬೆಕ್ಕಿಗೆ ಓಡಾಟದ ಅಂಕವನ್ನು ಅದರದೇ ಹಳೆಯ ದಿನಗಳಿಗೆ ಹೋಲಿಸಿ ಕೊಡಿ, ಬೇರೆ ಬೆಕ್ಕಿಗಲ್ಲ. ಇಬ್ಬರ ಅಂಕವೂ ಸತತ ಐದು ದಿನ 35ರ ಕೆಳಗೆ ಬಂದಾಗ ಡಾಕ್ಟ್ರನ್ನು ಮನೆಗೇ ಕರೆದೆವು. ಮನೆಗೆ ಬರುವ ಫೀಸು ಜಾಸ್ತಿ, ಆದರೆ ಖರ್ಚು ಮಾಡಬೇಕಾದ ದಿನ ಅಂತಿದ್ದರೆ ಅದು ಇದೇ. ಮೊದಲು ಮಂಪರಿನ ಇಂಜೆಕ್ಷನ್, ಪೂರ್ತಿ ನಿದ್ದೆ ಬಂದ ಮೇಲೆ ಎರಡನೆಯದು. ಮೊದಲನೆಯದು ಇದ್ದೇ ಇರುತ್ತದೆ ಅಂತ ಮುಂಚೆಯೇ ಕೇಳಿ ಖಾತ್ರಿ ಮಾಡಿಕೊಳ್ಳಿ.

ಆಮೇಲಿನದು ಜಾಗದ ಪ್ರಶ್ನೆ. ಬೆಂಗಳೂರಿನಂಥ ಊರಿನ ಫ್ಲ್ಯಾಟಿನವರಿಗೆ ಪ್ರಾಣಿಗಳ ಚಿತಾಗಾರವೇ ಸರಿ. ಸ್ವಂತ ಹಿತ್ತಲಿದ್ದರೆ ಮೂರು ಅಡಿಗಿಂತ ಆಳದ ಗುಂಡಿ, ಕವರ್ ಇಲ್ಲದೆ ಬರೀ ಹತ್ತಿ ಬಟ್ಟೆ. ಇಂಜೆಕ್ಷನ್ ಕೊಡಿಸಿದ್ದರೆ ಆಳ ಇನ್ನೂ ಮುಖ್ಯ, ಮೈಯಲ್ಲಿ ಉಳಿದ ಔಷಧಿ ಅದನ್ನು ಅಗೆದು ತಿಂದ ನಾಯಿಗೂ ವಿಷವಾಗುತ್ತದೆ. ಕೆಂಚ ದಾಸವಾಳದ ಗಿಡದ ಪಕ್ಕದಲ್ಲಿದ್ದಾನೆ, ಕೌದಿಯ ಅರ್ಧದಲ್ಲಿ ಸುತ್ತಿಕೊಂಡು.

ಒಡೆಯದ ಮೂರು ಬಾಟಲಿ, ಒಂದು ಕಟ್ಟು ಅಂಡರ್‌ಪ್ಯಾಡ್, ಸೂಜಿಯ ಡಬ್ಬಿ ಉಳಿದಿದ್ದವು. ಕ್ಲಿನಿಕ್‌ನಲ್ಲಿ ಹೇಳಿಟ್ಟಿದ್ದೆ. ಎರಡು ವಾರಕ್ಕೆ ಸರಸ್ವತಿಪುರಂ ಕಡೆಯಿಂದ ಒಬ್ಬ ಅಜ್ಜಿ ಫೋನ್ ಮಾಡಿದರು, ಅವರ ಬೆಕ್ಕಿಗೆ ಅವತ್ತೇ ಸಲೈನ್ ಬರೆದುಕೊಟ್ಟಿದ್ದರಂತೆ. ಚೀಲ ತೆಗೆದುಕೊಂಡು ಹೋದೆ. ಚೀಟಿಗೂ ಬಾಟಲಿಗೂ ಹೆಸರು ಹೊಂದಿಸಿ ನೋಡಿದೆವು. ಅವರ ಮಗಳು ಸೂಜಿ ಹಿಡಿದಳು, ಕೈ ನಡುಗುತ್ತಿತ್ತು. ನಾನು ಪಕ್ಕದಲ್ಲಿ ಕೂತು ಚರ್ಮ ಎತ್ತಿ ಹಿಡಿದೆ.